ಶಿಬೆನಿಕ್: ಕರಗಿದ ಕಲ್ಲು ಮತ್ತೆ ಕಲ್ಲಾಗುವ ಕರಾವಳಿ

ಕ್ರೊಯೇಷಿಯಾ ದೇಶದ ಕಡಲತೀರವನ್ನು ಕುರಿತ ನಮ್ಮ ಮಾತುಕತೆಯನ್ನು ವೀಕ್ಷಿಸಲಿರುವ ತಮಗೆ ಒಂದು ವಿಷಯವನ್ನು ಮೊದಲೇ ತಿಳಿಸಬೇಕು. ಈ ಕಾರ್ಯಕ್ರಮದಲ್ಲಿ ಇರಬೇಕಾಗಿದ್ದ ಅತ್ಯಂತ ಸುಂದರವಾದ ದೃಶ್ಯವೊಂದು ಅದರಲ್ಲಿ ಇಲ್ಲ. ಎರಡು ನಿಮಿಷದ ಆ ದೃಶ್ಯವನ್ನು ಸಂಕಲನದ ಕೊನೆಯ ದಿನ ನಾನೇ ತೆಗೆದುಹಾಕಿದೆ. ಹಸಿರು ಬಣ್ಣದ ತಿಳಿನೀರು, ಹಿನ್ನೆಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಲಪಾತ, ಅದರ ಬುಡದಲ್ಲಿ ನಗುನಗುತ್ತಾ ಈಜುವ ನೂರಾರು ಪ್ರವಾಸಿಗಳು. ಯಾವ ನಿರ್ಮಾಪಕನೂ ಬಿಡಲು ಒಪ್ಪದ ದೃಶ್ಯ ಅದು. ಏಕೆ ಬಿಟ್ಟೆ ಎಂಬುದನ್ನು ವಿವರಿಸಲು ಹೊರಟರೆ ಆ ಪ್ರದೇಶದ ಕಥೆಯನ್ನೇ ಹೇಳಬೇಕಾಗುತ್ತದೆ. ಇಪ್ಪತ್ತೆಂಟು ನಿಮಿಷದ ಮಾತುಕತೆಯಲ್ಲಿ ಹಿಡಿಸದ ವಿವರಗಳಿಗೆ ಈ ಪುಟಗಳು ಇರುವುದರಿಂದ ಇಲ್ಲಿ ಅದನ್ನು ಹೇಳುತ್ತೇನೆ.

ಆಡ್ರಿಯಾಟಿಕ್ ಸಮುದ್ರದ ಪೂರ್ವ ದಂಡೆಯ ಉದ್ದಕ್ಕೂ ಚಾಚಿಕೊಂಡಿರುವ ಸೀಮೆಗೆ ದಾಲ್ಮೇಷಿಯಾ ಎಂದು ಹೆಸರು. ಅಲ್ಲಿನ ದುಬ್ರೋವ್ನಿಕ್ ಮತ್ತು ಸ್ಪ್ಲಿಟ್ ನಗರಗಳ ಹೆಸರನ್ನು ಹಲವರು ಕೇಳಿರಬಹುದು. ನಮ್ಮ ಮಾತುಕತೆಗೆ ಆರಿಸಿಕೊಂಡದ್ದು ಅವೆರಡಕ್ಕಿಂತ ಕಡಿಮೆ ಪ್ರಸಿದ್ಧವಾದ, ಸ್ಪ್ಲಿಟ್‌ನ ವಾಯವ್ಯಕ್ಕಿರುವ ಶಿಬೆನಿಕ್ ಎಂಬ ಊರು ಮತ್ತು ಅದರ ಸುತ್ತಮುತ್ತಲ ಪ್ರದೇಶ. ಒಂದು ನದಿ, ಒಂದು ಪುರಾತನ ಪಟ್ಟಣ, ನೂರಾರು ದ್ವೀಪಗಳು, ಎರಡು ರಾಷ್ಟ್ರೀಯ ಉದ್ಯಾನಗಳು, ಯುನೆಸ್ಕೋ ಪಟ್ಟಿಗೆ ಸೇರಿದ ಎರಡು ಕಟ್ಟಡಗಳು ಇಲ್ಲಿ ಹತ್ತಿರ ಹತ್ತಿರದಲ್ಲೇ ಇವೆ. ಮೂರು ನಾಲ್ಕು ದಿನಗಳಲ್ಲಿ ಇವನ್ನೆಲ್ಲ ಸಾವಧಾನವಾಗಿ ನೋಡಬಹುದು. ನೋಡುವಾಗ ಒಂದು ಮಾತು ನೆನಪಿನಲ್ಲಿದ್ದರೆ ಸಾಕು: ಇಲ್ಲಿ ಕಾಣುವುದೆಲ್ಲವೂ ಸುಣ್ಣಕಲ್ಲು ಮತ್ತು ನೀರು ಸೇರಿ ಆದದ್ದು.

ಮುಳುಗಿದ ಕಣಿವೆಗಳು

ಈ ತೀರದ ಬೆಟ್ಟಗಳು ಸುಣ್ಣಕಲ್ಲಿನವು. ಮಳೆನೀರು ಗಾಳಿಯಿಂದ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯವಾದ ಆಮ್ಲವಾಗುತ್ತದೆ. ಆ ಆಮ್ಲಕ್ಕೆ ಸುಣ್ಣಕಲ್ಲು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಸಾವಿರಾರು ವರ್ಷ ಹೀಗೆ ನಡೆದಾಗ ನೆಲದ ಮೇಲೆ ಹೊಂಡಗಳು, ನೆಲದ ಒಳಗೆ ಗುಹೆಗಳು ಮತ್ತು ಗುಪ್ತ ಹೊಳೆಗಳು ಉಂಟಾಗುತ್ತವೆ. ಇಂಥ ಭೂರಚನೆಗೆ ಭೂವಿಜ್ಞಾನದಲ್ಲಿ ಕಾರ್ಸ್ಟ್ ಎಂದು ಹೆಸರು. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಒಂದು ಪ್ರಸ್ಥಭೂಮಿಯ ಹೆಸರಿನಿಂದ ಆ ಪದ ಬಂದಿದೆ.

ಇಲ್ಲಿನ ಬೆಟ್ಟಸಾಲುಗಳು ಸಮುದ್ರಕ್ಕೆ ಸಮಾನಾಂತರವಾಗಿವೆ. ಕಳೆದ ಹಿಮಯುಗ ಮುಗಿದು ಹಿಮ ಕರಗಿದಾಗ ಲೋಕದ ಸಮುದ್ರಮಟ್ಟ ನೂರು ಮೀಟರಿಗೂ ಹೆಚ್ಚು ಏರಿತು. ಬೆಟ್ಟಸಾಲುಗಳ ನಡುವಣ ಕಣಿವೆಗಳು ಮುಳುಗಿದವು, ನೆತ್ತಿಗಳು ಮಾತ್ರ ನೀರಿನ ಮೇಲೆ ಉಳಿದವು. ಇಂದು ನಾವು ದ್ವೀಪಗಳೆಂದು ಕರೆಯುವುದು ಆ ನೆತ್ತಿಗಳನ್ನೇ. ಭೂಗೋಳದ ಪುಸ್ತಕಗಳಲ್ಲಿ ಇಂಥ ತೀರ ಎಲ್ಲಿದ್ದರೂ ಅದನ್ನು ದಾಲ್ಮೇಷಿಯನ್ ತೀರವೆಂದೇ ಕರೆಯುವ ವಾಡಿಕೆ ಇದೆ. ಕೆಸರು ಹೊತ್ತು ತರುವ ದೊಡ್ಡ ನದಿಗಳು ಕಡಿಮೆ ಇರುವುದರಿಂದ ಮತ್ತು ಬಂಡೆಗಳ ತೀರವಾದುದರಿಂದ ಸಮುದ್ರದ ನೀರು ಅಷ್ಟು ತಿಳಿಯಾಗಿ ಕಾಣುತ್ತದೆ.

ಬೆಳೆಯುತ್ತಿರುವ ಜಲಪಾತ

ಪ್ರವಾಸಿಗಳನ್ನು ಮೊದಲು ಸೆಳೆಯುವುದು ಕೃಕಾ ನದಿ. ಅಲ್ಲಿನವರ ಉಚ್ಚಾರದಲ್ಲಿ ಮೊದಲ ಅಕ್ಷರಕ್ಕೆ ಬೇರೆ ಸ್ವರವೇ ಇಲ್ಲ. ನಮ್ಮ ‘ಕೃ’ ಅದಕ್ಕೆ ಸರಿಯಾಗಿ ಒಪ್ಪುತ್ತದೆ. ದಿನಾರಾ ಬೆಟ್ಟದ ಬುಡದಲ್ಲಿ, ಕ್ನಿನ್ ಎಂಬ ಊರಿನ ಬಳಿ ಹುಟ್ಟುವ ಈ ನದಿ ಸುಮಾರು 73 ಕಿಲೋಮೀಟರ್ ಹರಿದು ಶಿಬೆನಿಕ್ ಬಳಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ಏಳು ದೊಡ್ಡ ಜಲಪಾತಗಳಿವೆ. 1985ರಲ್ಲಿ ಈ ನದಿಯ ಬಹುಭಾಗವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಏಳರಲ್ಲಿ ಕೊನೆಯದು ಸ್ಕ್ರಾದಿನ್‌ಸ್ಕಿ ಬುಕ್. 17 ಮೆಟ್ಟಿಲುಗಳಲ್ಲಿ ಒಟ್ಟು ಸುಮಾರು 46 ಮೀಟರ್ ಇಳಿಯುವ ಈ ಜಲಪಾತ ಎತ್ತರದಲ್ಲಿ ಅಂಥ ದೊಡ್ಡದೇನೂ ಅಲ್ಲ. ಇದರ ಹೆಚ್ಚುಗಾರಿಕೆ ಬೇರೆ. ಸಾಮಾನ್ಯವಾಗಿ ಜಲಪಾತವು ತಾನು ಬೀಳುವ ಬಂಡೆಯನ್ನು ಸವೆಸುತ್ತದೆ. ಈ ಜಲಪಾತ ತನ್ನ ಬಂಡೆಯನ್ನು ತಾನೇ ಕಟ್ಟುತ್ತದೆ.

ಇದು ಹೇಗೆ ಸಾಧ್ಯ? ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುವುದನ್ನು ತಾವು ನೋಡಿದ್ದೀರಿ. ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿದ್ದ ಸುಣ್ಣದ ಅಂಶ, ಕಾಯಿಸಿದಾಗ ಅನಿಲ ಹೊರಟುಹೋಗಿ ಮತ್ತೆ ಗಟ್ಟಿಯಾಗಿ ಕೂತದ್ದು ಅದು. ಕೃಕಾ ನದಿಯಲ್ಲಿ ಬೆಂಕಿಯ ಅಗತ್ಯವಿಲ್ಲ. ಮೇಲಿನ ಬೆಟ್ಟಗಳಲ್ಲಿ ಸುಣ್ಣಕಲ್ಲನ್ನು ಕರಗಿಸಿಕೊಂಡು ಬಂದ ನೀರು ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಿದ್ದು ಚದುರುವಾಗ, ಅಲುಗಾಡಿಸಿದ ಸೋಡಾ ಬಾಟಲಿಯಿಂದ ಅನಿಲ ನುಗ್ಗುವಂತೆ, ಅದರೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿಬಿಡುತ್ತದೆ. ಅನಿಲ ಹೋದ ಮೇಲೆ ಸುಣ್ಣ ನೀರಿನಲ್ಲಿ ನಿಲ್ಲಲಾರದು. ಬಂಡೆಯ ಮೇಲಿನ ಪಾಚಿ, ಹಾವಸೆ, ಸೂಕ್ಷ್ಮಜೀವಿಗಳ ಮೇಲೆ ಸಣ್ಣ ಹರಳುಗಳಾಗಿ ಅದು ಅಂಟಿಕೊಳ್ಳುತ್ತದೆ. ಹಾವಸೆ ಮೇಲೆ ಬೆಳೆಯುತ್ತದೆ, ಕೆಳಗಿನದು ಕಲ್ಲಾಗುತ್ತದೆ. ಹೀಗೆ ಮಿಲಿಮೀಟರ್ ಲೆಕ್ಕದಲ್ಲಿ ಏರಿ, ನದಿಗೆ ಅಡ್ಡಲಾಗಿ ಕಟ್ಟೆಗಳು ಎದ್ದಿವೆ. ಒಳಗೆಲ್ಲ ರಂಧ್ರಗಳಿರುವ, ಮುಟ್ಟಿದರೆ ಪುಡಿಯಾಗುವಷ್ಟು ಮೃದುವಾದ ಈ ಕಲ್ಲಿಗೆ ಟ್ಯೂಫಾ ಎನ್ನುತ್ತಾರೆ.

ಇದಕ್ಕೆ ಮೂರು ಸಂಗತಿಗಳು ಬೇಕು: ಸುಣ್ಣ ತುಂಬಿದ ನೀರು, ಆ ನೀರಿನ ಶುದ್ಧತೆ ಮತ್ತು ಜೀವಂತ ಹಾವಸೆ. ನೀರು ಕಲುಷಿತವಾದರೆ ಹರಳುಗಟ್ಟುವ ಕ್ರಿಯೆ ಕುಂಠಿತವಾಗುತ್ತದೆ. ಹಾವಸೆ ಕಿತ್ತುಹೋದರೆ ಹರಳಿಗೆ ಅಂಟಿಕೊಳ್ಳಲು ಆಸರೆ ಇರುವುದಿಲ್ಲ. ಬೇಸಿಗೆಯ ದಿನಗಳಲ್ಲಿ ಸಾವಿರಾರು ಜನ ನೀರಿಗಿಳಿದು, ಕಟ್ಟೆಗಳ ಮೇಲೆ ಹತ್ತಿ ಕುಳಿತು, ಮೈಗೆ ಬಳಿದುಕೊಂಡ ಎಣ್ಣೆ ಲೇಪನಗಳನ್ನು ನೀರಿಗೆ ಬಿಟ್ಟರೆ ಈ ಮೂರರಲ್ಲಿ ಎರಡಕ್ಕೆ ಪೆಟ್ಟು ಬೀಳುತ್ತದೆ. ಆದ್ದರಿಂದಲೇ 2021ರ ಆರಂಭದಿಂದ ಸ್ಕ್ರಾದಿನ್‌ಸ್ಕಿ ಬುಕ್‌ನಲ್ಲಿ ಈಜುವುದನ್ನು ನಿಷೇಧಿಸಲಾಗಿದೆ. ಈಗ ಪ್ರವಾಸಿಗಳು ನೀರಿನ ಮೇಲೆ ಕಟ್ಟಿದ ಮರದ ಕಾಲುದಾರಿಗಳಲ್ಲಿ ನಡೆದು ನೋಡಬೇಕು.

ನಾನು ತೆಗೆದುಹಾಕಿದ ದೃಶ್ಯ ಆ ನಿಷೇಧಕ್ಕಿಂತ ಹಿಂದಿನದು. ಮಾತುಕತೆಗೆ ಬಂದಿದ್ದ ಅತಿಥಿ, ಭೂಗೋಳ ಪಾಠ ಮಾಡಿ ನಿವೃತ್ತರಾದ ಅಧ್ಯಾಪಕಿ, ಅದನ್ನು ಮೊದಲು ಗುರುತಿಸಿದರು. “ಇದು ಈಗ ಇಲ್ಲ ಸರ್, ಈಗ ಯಾರನ್ನೂ ನೀರಿಗೆ ಬಿಡೋದಿಲ್ಲ” ಎಂದರು. ‘ಹಳೆಯ ದೃಶ್ಯ’ ಎಂದು ಕೆಳಗೆ ಅಕ್ಷರ ಹಾಕುತ್ತೇವೆ ಮೇಡಂ ಎಂದು ನಾನು ಸಮಾಧಾನ ಹೇಳಿದೆ. ಅವರು ನಕ್ಕು, “ಅಕ್ಷರ ಯಾರು ಓದ್ತಾರೆ? ಮನಸ್ಸಲ್ಲಿ ಉಳಿಯೋದು ಚಿತ್ರ. ನಾಳೆ ಯಾರೋ ಮಕ್ಕಳನ್ನ ಕರ್ಕೊಂಡು ಅಷ್ಟು ದೂರ ಹೋಗಿ, ಇಳಿಯೋಕೆ ಬಿಡಲಿಲ್ಲ ಅಂತ ಬೈಕೊಂಡು ಬರ್ತಾರೆ” ಎಂದರು. ಎರಡು ದಿನ ಆ ಮಾತು ಕಿವಿಯಲ್ಲೇ ಇತ್ತು.

ಬೀಸುಕಲ್ಲಿನಿಂದ ಬೀದಿದೀಪದವರೆಗೆ

ಜಲಪಾತದ ಪಕ್ಕದಲ್ಲಿ ಕಲ್ಲಿನ ಹಳೆಯ ಮನೆಗಳ ಗುಂಪೊಂದಿದೆ. ನೀರಿನ ಬಲದಿಂದ ತಿರುಗುವ ಬೀಸುಕಲ್ಲುಗಳ ಗಿರಣಿಗಳು ಅವು. ಸುತ್ತಲ ಹಳ್ಳಿಗಳವರು ಧಾನ್ಯ ಬೀಸಿಸಲು ಇಲ್ಲಿಗೆ ಬರುತ್ತಿದ್ದರು. ಉಣ್ಣೆಯ ಬಟ್ಟೆಯನ್ನು ನೀರಿನ ಬಲದಿಂದಲೇ ಕುಟ್ಟಿ ದಪ್ಪಗೊಳಿಸುವ ಮರದ ಕೊಡತಿಗಳು, ಕಂಬಳಿಗಳನ್ನು ಸುಳಿಯಲ್ಲಿ ತಿರುಗಿಸಿ ಒಗೆಯುವ ತೊಟ್ಟಿಗಳು ಕೂಡ ಇದ್ದವು. ಈಗ ಇವುಗಳಲ್ಲಿ ಕೆಲವನ್ನು ದುರಸ್ತಿ ಮಾಡಿ ಪ್ರದರ್ಶನಕ್ಕೆ ಇಟ್ಟಿದ್ದಾರೆ.

ಅಲ್ಲಿಂದ ಕೆಳಗೆ, ಜಲಪಾತದ ಬುಡದಲ್ಲಿ ಒಂದು ಹಳೆಯ ವಿದ್ಯುತ್ ಸ್ಥಾವರದ ಅವಶೇಷಗಳಿವೆ. ಹೆಚ್ಚಿನ ಪ್ರವಾಸಿಗಳು ಇದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇದು ಇಡೀ ಪ್ರದೇಶದ ಅತ್ಯಂತ ಕುತೂಹಲಕಾರಿ ಸ್ಥಳವೆನಿಸಿತು. 1895ರ ಆಗಸ್ಟ್ 28ರಂದು ಇಲ್ಲಿ ಉತ್ಪಾದಿಸಿದ ಪರ್ಯಾಯ ವಿದ್ಯುತ್ತು ಸುಮಾರು 11 ಕಿಲೋಮೀಟರ್ ತಂತಿಯಲ್ಲಿ ಹರಿದು ಶಿಬೆನಿಕ್‌ನ ಬೀದಿದೀಪಗಳನ್ನು ಬೆಳಗಿಸಿತು. ಊರಿನ ಮೇಯರ್ ಆಂತೆ ಶುಪುಕ್ ಈ ಸಾಹಸದ ಮುಂದಾಳು. ನಯಾಗರಾ ಜಲಪಾತದ ವಿದ್ಯುತ್ತು ಬಫೆಲೋ ನಗರಕ್ಕೆ ತಲುಪಿದ್ದು 1896ರ ನವೆಂಬರ್‌ನಲ್ಲಿ. ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ಅವೆರಡರ ಪ್ರಮಾಣ ಬಹು ದೊಡ್ಡದು ನಿಜ. ಆದರೆ ಜಲಪಾತದ ಬಲವನ್ನು ಪರ್ಯಾಯ ವಿದ್ಯುತ್ತಾಗಿಸಿ ದೂರದ ಊರನ್ನು ಬೆಳಗಿದ ಮೊದಮೊದಲ ಪಟ್ಟಣಗಳಲ್ಲಿ ಈ ಪುಟ್ಟ ಬಂದರು ಒಂದು ಎಂಬುದು ಗಮನಾರ್ಹ. ಆ ತಂತ್ರಕ್ಕೆ ಮೂಲಪುರುಷರಲ್ಲಿ ಒಬ್ಬನಾದ ನಿಕೊಲಾ ಟೆಸ್ಲಾ ಹುಟ್ಟಿದ್ದೂ ಇಂದಿನ ಕ್ರೊಯೇಷಿಯಾದ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲೇ.

ಜಲಪಾತದಿಂದ ಮೇಲ್ಗಡೆ ನದಿ ಅಗಲವಾಗಿ ಕೆರೆಯಂತೆ ನಿಂತಿರುವ ಕಡೆ ವಿಸೊವಾತ್ಸ್ ಎಂಬ ಕಿರುದ್ವೀಪವಿದೆ. 15ನೆಯ ಶತಮಾನದಿಂದ ಅಲ್ಲಿ ಫ್ರಾನ್ಸಿಸ್ಕನ್ ಪಂಥದ ಕ್ರೈಸ್ತ ಸನ್ಯಾಸಿಗಳ ಮಠವಿದೆ. ಸೈಪ್ರೆಸ್ ಮರಗಳ ನಡುವೆ ಕೆಂಪು ಹೆಂಚಿನ ಕಟ್ಟಡ ನೀರಿನಲ್ಲಿ ಪ್ರತಿಫಲಿಸುವ ದೃಶ್ಯ ಕಾರ್ಯಕ್ರಮದಲ್ಲಿದೆ. ಅಲ್ಲಿಗೆ ದೋಣಿಯಲ್ಲಿ ಹೋಗಬಹುದು. ಇಂಥ ಅಗಲವಾದ ನೀರು ನಿಂತಿರುವುದಕ್ಕೂ ಕೆಳಗಿನ ಟ್ಯೂಫಾ ಕಟ್ಟೆಯೇ ಕಾರಣ. ಕಟ್ಟೆ ಕುಸಿದರೆ ಆ ಕೆರೆಯೂ ಇರುವುದಿಲ್ಲ.

ಕಲ್ಲನ್ನೇ ನಂಬಿದ ಪಟ್ಟಣ

ಜಲಪಾತದ ಕೆಳಗೆ ನದಿಯ ಕಣಿವೆ ಸಮುದ್ರಕ್ಕೆ ಮುಳುಗಿ ಉದ್ದನೆಯ ಅಳಿವೆಯಾಗಿದೆ. ಮೇಲೆ ಸಿಹಿನೀರಿನ ಪದರ, ಕೆಳಗೆ ಉಪ್ಪುನೀರಿನ ಪದರ. ಎರಡೂ ಸೇರುವ ಈ ನೀರಿನಲ್ಲಿ ಚಿಪ್ಪುಮೀನಿನ ಸಾಕಣೆ ನಡೆಯುತ್ತದೆ. ಅಳಿವೆಯ ತುದಿಯಲ್ಲಿ, ಗುಡ್ಡದ ಇಳಿಜಾರಿನ ಮೇಲೆ ಶಿಬೆನಿಕ್ ನಿಂತಿದೆ. ಈ ತೀರದ ಅನೇಕ ಊರುಗಳನ್ನು ಗ್ರೀಕರು ಅಥವಾ ರೋಮನರು ಸ್ಥಾಪಿಸಿದರು. ಶಿಬೆನಿಕ್ ಕ್ರೊಯೇಷಿಯನ್ನರೇ ಕಟ್ಟಿದ ಊರು. 1066ರಲ್ಲಿ ದೊರೆ ನಾಲ್ಕನೆಯ ಪೀಟರ್ ಕ್ರೆಶಿಮಿರ್‌ನ ಕಾಲದ ದಾಖಲೆಯಲ್ಲಿ ಇದರ ಹೆಸರು ಮೊದಲು ಬರುತ್ತದೆ. ಮುಂದೆ ಸುಮಾರು ನಾಲ್ಕು ಶತಮಾನ ವೆನಿಸ್ ಗಣರಾಜ್ಯದ ಆಳ್ವಿಕೆಯಲ್ಲಿತ್ತು.

ಊರಿನ ಮುಖ್ಯ ಆಕರ್ಷಣೆ ಸಂತ ಜೇಮ್ಸ್ ಕೆಥೆಡ್ರಲ್. 1431ರಲ್ಲಿ ಆರಂಭವಾದ ಕೆಲಸ ಮುಗಿಯಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. 1441ರಲ್ಲಿ ಹೊಣೆ ಹೊತ್ತ ಯುರಾಯ್ ದಾಲ್ಮಾತಿನಾತ್ಸ್ ಎಂಬ ಶಿಲ್ಪಿ ನಕ್ಷೆಯನ್ನೇ ಬದಲಿಸಿದ. ಅವನ ನಂತರ 1475ರಿಂದ ನಿಕೊಲಾ ಫಿರೆಂತಿನಾತ್ಸ್, ಅಂದರೆ ಫ್ಲಾರೆನ್ಸಿನ ನಿಕೊಲಾ, ಅದನ್ನು ಮುಂದುವರಿಸಿದ. ಗೋಡೆ ಮಾತ್ರವಲ್ಲ, ಕಮಾನಿನ ಮಾಡು ಮತ್ತು ಗುಮ್ಮಟ ಕೂಡ ಕಲ್ಲಿನದು. ಇಟ್ಟಿಗೆ ಇಲ್ಲ, ಮರದ ತೊಲೆ ಇಲ್ಲ. ಕಲ್ಲಿನ ಪಕ್ಕೆಗಳ ನಡುವೆ ದೊಡ್ಡ ಚಪ್ಪಡಿಗಳನ್ನು ಬಡಗಿ ಮರ ಜೋಡಿಸುವ ಹಾಗೆ ಗಾಡಿ ಕೊರೆದು ಒಂದಕ್ಕೊಂದು ಸೇರಿಸಿದ್ದಾರೆ. ಒಳಗಿನ ಕಮಾನೇ ಹೊರಗಿನ ಮಾಡು. ಹೀಗಾಗಿ ಹೊರಗೆ ನಿಂತು ನೋಡಿದರೆ ಒಳಗಿನ ಮೂರು ಅಂಕಣಗಳ ಆಕಾರ ಮುಂಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2000ದಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಟ್ಟಡದ ಹಿಂಬದಿಗೆ ಹೋಗಲು ಮರೆಯಬಾರದು. ಅಲ್ಲಿ ಗೋಡೆಯ ಸುತ್ತ ಎಪ್ಪತ್ತಕ್ಕೂ ಹೆಚ್ಚು ಮನುಷ್ಯಮುಖಗಳ ಸಾಲು ಇದೆ. ಸಂತರದ್ದಲ್ಲ, ದೊರೆಗಳದ್ದಲ್ಲ, ಗಂಡಸರು, ಹೆಂಗಸರು, ಮಕ್ಕಳು. ಒಬ್ಬ ಸಿಟ್ಟಿನವ, ಒಬ್ಬ ನಿದ್ದೆಗಣ್ಣಿನವ, ಒಬ್ಬ ತಲೆಗೆ ರುಮಾಲು ಸುತ್ತಿದವ. ಆ ಕಾಲದಲ್ಲಿ ಊರಿನಲ್ಲಿ ಓಡಾಡುತ್ತಿದ್ದ ಜನರನ್ನೇ ಶಿಲ್ಪಿ ಕಲ್ಲಿನಲ್ಲಿ ಕೆತ್ತಿದನೆಂದು ಹೇಳುತ್ತಾರೆ.

1991ರ ಸೆಪ್ಟೆಂಬರ್‌ನಲ್ಲಿ, ಯುಗೊಸ್ಲಾವಿಯಾ ಒಡೆಯುತ್ತಿದ್ದ ಕಾಲದಲ್ಲಿ, ಶಿಬೆನಿಕ್ ಮೇಲೆ ದಾಳಿ ನಡೆಯಿತು. ಅದರಲ್ಲಿ ಶೆಲ್ ಬಿದ್ದು ಕೆಥೆಡ್ರಲ್‌ನ ಗುಮ್ಮಟಕ್ಕೆ ಹಾನಿಯಾಯಿತು. ನಾನೂರೈವತ್ತು ವರ್ಷ ಮಳೆ ಬಿಸಿಲಿಗೆ ಅಲುಗದ ಜೋಡಣೆ ಕ್ಷಣಮಾತ್ರದಲ್ಲಿ ಒಡೆಯಿತು. ಮುಂದಿನ ವರ್ಷಗಳಲ್ಲಿ ಕಲ್ಲುಕುಟಿಗರು ಹಳೆಯ ವಿಧಾನದಲ್ಲೇ ಚಪ್ಪಡಿಗಳನ್ನು ಕಡೆದು ಅದನ್ನು ಸರಿಪಡಿಸಿದರು. ಇಂದು ನೋಡುವವರಿಗೆ ಗಾಯ ಕಾಣದು. ಆದರೂ ತಲೆ ಎತ್ತಿ ಗುಮ್ಮಟವನ್ನು ನೋಡುವಾಗ ಈ ಸಂಗತಿ ತಿಳಿದಿರುವುದು ಒಳ್ಳೆಯದು.

ಎರಡನೆಯ ಯುನೆಸ್ಕೋ ತಾಣವೆಂದರೆ ಬಂದರಿನ ಕಾಲುವೆಯ ಬಾಯಲ್ಲಿರುವ ಸಂತ ನಿಕೊಲಸ್ ಕೋಟೆ. ತುರ್ಕರ ಹಡಗುಗಳನ್ನು ತಡೆಯಲು ವೆನಿಸ್‌ನವರು 1540ರ ದಶಕದಲ್ಲಿ ತ್ರಿಕೋನಾಕಾರದಲ್ಲಿ ಇದನ್ನು ಕಟ್ಟಿಸಿದರು. ಕುತೂಹಲದ ವಿಷಯವೆಂದರೆ, ಕಲ್ಲಿನ ಈ ನಾಡಿನಲ್ಲಿ ಕೋಟೆಯ ಮೇಲ್ಭಾಗ ಇಟ್ಟಿಗೆಯದು. ಫಿರಂಗಿ ಗುಂಡು ಬಡಿದರೆ ಗಟ್ಟಿ ಕಲ್ಲು ಸಿಡಿದು ಚೂರಾಗುತ್ತದೆ. ಇಟ್ಟಿಗೆ ಏಟನ್ನು ನುಂಗಿಕೊಳ್ಳುತ್ತದೆ. 2017ರಲ್ಲಿ ಇದು ಪರಂಪರೆಯ ಪಟ್ಟಿಗೆ ಸೇರಿತು. ಊರಿನ ಮೇಲಿರುವ ಸಂತ ಮೈಕೆಲ್ ಕೋಟೆಯಿಂದ ಬಂದರು, ಹೆಂಚಿನ ಮಾಡುಗಳು, ದ್ವೀಪಗಳು ಒಂದೇ ನೋಟದಲ್ಲಿ ಕಾಣುತ್ತವೆ.

ದ್ವೀಪಗಳ ಕಡೆಗೆ

ಶಿಬೆನಿಕ್‌ನಿಂದ ದೋಣಿ ಹಿಡಿದರೆ ಪೃವಿಚ್ ದ್ವೀಪ ಹತ್ತಿರ. ಮೋಟಾರು ಕಾರುಗಳಿಲ್ಲದ ಈ ಪುಟ್ಟ ದ್ವೀಪದ ಇಗರ್ಜಿಯಲ್ಲಿ ಫೌಸ್ಟ್ ವ್ರಾಂಚಿಚ್‌ನ ಸಮಾಧಿ ಇದೆ. 1551ರಲ್ಲಿ ಶಿಬೆನಿಕ್‌ನಲ್ಲಿ ಹುಟ್ಟಿದ ಈತ ಬಿಷಪ್, ನಿಘಂಟುಕಾರ ಮತ್ತು ಯಂತ್ರಶಾಸ್ತ್ರಜ್ಞ. 1595ರಲ್ಲಿ ಐದು ಭಾಷೆಗಳ ನಿಘಂಟನ್ನು ಪ್ರಕಟಿಸಿದ. ಯಂತ್ರಗಳನ್ನು ಕುರಿತ ಅವನ ಗ್ರಂಥದಲ್ಲಿ ತೂಗುಸೇತುವೆ, ಗಾಳಿಗಿರಣಿಗಳ ಜೊತೆಗೆ ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ಹಿಡಿದು ಗೋಪುರದಿಂದ ಇಳಿಯುವ ಮನುಷ್ಯನ ಚಿತ್ರವಿದೆ. ಪ್ಯಾರಾಚೂಟಿನ ಇತಿಹಾಸ ಹೇಳುವವರೆಲ್ಲ ಆ ಚಿತ್ರವನ್ನು ನೆನೆಯುತ್ತಾರೆ. ದ್ವೀಪದಲ್ಲಿ ಅವನ ಹೆಸರಿನ ಸ್ಮಾರಕ ಕೇಂದ್ರವೂ ಇದೆ.

ಇನ್ನೂ ಆಚೆಗೆ ಕೊರ್ನಾತಿ ದ್ವೀಪಸಮೂಹ. 1980ರಲ್ಲಿ ರಾಷ್ಟ್ರೀಯ ಉದ್ಯಾನವಾದ ಇಲ್ಲಿ ದೊಡ್ಡ ಸಣ್ಣ ದ್ವೀಪಗಳು ಮತ್ತು ಬಂಡೆಗಳು ಸೇರಿ 89 ಇವೆ. ಮರಗಳು ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯರು ಕಡಿದು ಸುಟ್ಟು, ಕುರಿಗಳು ಮೇದು ಶತಮಾನಗಳ ಹಿಂದೆಯೇ ಕಾಡು ಹೋಗಿಬಿಟ್ಟಿತು. ತೆರೆದ ಸಮುದ್ರದ ಕಡೆಗೆ ಕಡಿದಾದ ಬಂಡೆಗೋಡೆಗಳಿವೆ. ಬೋಳು ಬೆಟ್ಟಗಳ ಮೇಲೆ, ಗಾರೆಯಿಲ್ಲದೆ ಒಂದರ ಮೇಲೊಂದು ಕಲ್ಲಿಟ್ಟು ಕಟ್ಟಿದ ಗೋಡೆಗಳು ಗೆರೆ ಎಳೆದಂತೆ ಏರಿ ಇಳಿಯುತ್ತವೆ. ಹುಲ್ಲುಗಾವಲಿನ ಗಡಿಗಳವು. ಶಿಬೆನಿಕ್‌ನ ದಕ್ಷಿಣಕ್ಕಿರುವ ಪ್ರಿಮೋಶ್ತೆನ್‌ನಲ್ಲಿಯೂ ದ್ರಾಕ್ಷಿತೋಟಗಳು ಇಂಥ ಗೋಡೆಗಳ ಪುಟ್ಟ ಪುಟ್ಟ ಚೌಕಗಳಲ್ಲಿವೆ. ನೆಲದಿಂದ ಹೆಕ್ಕಿ ತೆಗೆದ ಕಲ್ಲೇ ಗೋಡೆಯಾಗಿದೆ. ಈ ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೋ, ಕ್ರೊಯೇಷಿಯಾ ಸೇರಿದಂತೆ ಎಂಟು ದೇಶಗಳ ಅಮೂರ್ತ ಪರಂಪರೆಯೆಂದು ಗುರುತಿಸಿತು.

ಅದೇ ವಿದ್ಯೆ ಇಲ್ಲಿ ಒಂದು ದುಃಖಕ್ಕೂ ರೂಪ ಕೊಟ್ಟಿದೆ. 2007ರ ಆಗಸ್ಟ್ 30ರಂದು ಕೊರ್ನಾತ್ ದ್ವೀಪದಲ್ಲಿ ಹುಲ್ಲಿಗೆ ಹತ್ತಿದ ಬೆಂಕಿ ಆರಿಸಲು ಹೋದ ಅಗ್ನಿಶಾಮಕರಲ್ಲಿ ಹನ್ನೆರಡು ಮಂದಿ ಜೀವ ತೆತ್ತರು. 2010ರಲ್ಲಿ ಸ್ವಯಂಸೇವಕರು ಬಂದು, ಅದೇ ಇಳಿಜಾರಿನಲ್ಲಿ, ಅಲ್ಲಿನದೇ ಕಲ್ಲುಗಳನ್ನು ಗಾರೆಯಿಲ್ಲದೆ ಜೋಡಿಸಿ, ಹನ್ನೆರಡು ದೊಡ್ಡ ಶಿಲುಬೆಗಳನ್ನು ನೆಲದ ಮೇಲೆ ಮೂಡಿಸಿದರು.

ಹೋಗುವವರಿಗೆ ಕೆಲವು ಸೂಚನೆಗಳು

ಹತ್ತಿರದ ವಿಮಾನ ನಿಲ್ದಾಣಗಳು ಸ್ಪ್ಲಿಟ್ ಮತ್ತು ಜಾದಾರ್. 2023ರ ಜನವರಿ 1ರಿಂದ ಕ್ರೊಯೇಷಿಯಾದಲ್ಲಿ ಯೂರೋ ನಾಣ್ಯ ಚಲಾವಣೆಯಲ್ಲಿದೆ. ಅದೇ ದಿನದಿಂದ ಆ ದೇಶ ಷೆಂಗೆನ್ ಒಪ್ಪಂದದ ವಲಯಕ್ಕೂ ಸೇರಿರುವುದರಿಂದ ನಮ್ಮವರಿಗೆ ಷೆಂಗೆನ್ ವೀಸಾ ಬೇಕು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲೂ ಜನಸಂದಣಿಯೂ ಹೆಚ್ಚು. ಮೇ, ಜೂನ್ ಅಥವಾ ಸೆಪ್ಟೆಂಬರ್ ಉತ್ತಮ. ಮೇ ತಿಂಗಳಲ್ಲಿ ನದಿಯಲ್ಲಿ ನೀರು ಚೆನ್ನಾಗಿರುತ್ತದೆ. ಜಲಪಾತಕ್ಕೆ ಸ್ಕ್ರಾದಿನ್ ಎಂಬ ಊರಿನಿಂದ ದೋಣಿಯಲ್ಲಿ ಹೋಗುವುದು ಸೊಗಸು. ಈಜುವ ಆಸೆಯಿದ್ದವರಿಗೆ ಸಮುದ್ರವಿದೆ. ತೀರದಲ್ಲಿ ಮರಳಿಗಿಂತ ಉರುಟುಕಲ್ಲು ಹೆಚ್ಚಾದ್ದರಿಂದ ಕಾಲಿಗೆ ರಬ್ಬರಿನ ಪಾದರಕ್ಷೆ ಇರಲಿ. ಜಲಪಾತದ ಬಳಿ ಮರದ ದಾರಿಯಿಂದ ಕೆಳಗಿಳಿಯದಿರುವುದು, ಹಾವಸೆಯನ್ನು ಮುಟ್ಟದಿರುವುದು ನಮ್ಮ ಪಾಲಿನ ಕರ್ತವ್ಯ.

ತೆಗೆದುಹಾಕಿದ ಎರಡು ನಿಮಿಷಗಳ ಜಾಗದಲ್ಲಿ ಏನು ಬಂದಿದೆ ಎಂದು ತಾವು ಕೇಳಬಹುದು. ಟ್ಯೂಫಾ ಕಟ್ಟೆಯ ಮೇಲಿನ ಹಾವಸೆಯ ಒಂದು ಹತ್ತಿರದ ದೃಶ್ಯ ಬಂದಿದೆ. ಹಸಿರು ಎಳೆಯ ಮೇಲೆ ನೀರು ಹರಿಯುತ್ತಿದೆ, ಅದರ ಬುಡ ಆಗಲೇ ಬೆಳ್ಳಗೆ ಕಲ್ಲಾಗಿದೆ. ಹಿನ್ನೆಲೆ ಸಂಗೀತ ಹಾಕಿಲ್ಲ, ನೀರಿನ ಸದ್ದು ಮಾತ್ರ ಇದೆ. ಏನೂ ನಡೆಯುತ್ತಿಲ್ಲವಲ್ಲ ಎಂದು ಸಂಕಲನಕಾರರು ಆಕ್ಷೇಪಿಸಿದರು. ನಡೆಯುತ್ತಿದೆ, ನಮ್ಮ ಕಣ್ಣಿನ ವೇಗಕ್ಕೆ ಅದು ಕಾಣುವುದಿಲ್ಲ ಅಷ್ಟೆ ಎಂದು ಅವರಿಗೆ ಹೇಳಿದೆ. ಪ್ರಸಾರವಾದಾಗ ತಾವೂ ಅದನ್ನು ಪೂರ್ತಿ ನೋಡಬೇಕೆಂದು ವಿನಂತಿ.